ನಲವತ್ತನಾಲ್ಕು ಸಲ ಹೌದು ಸಾರ್

ಮೀನಿನ ಬೆನ್ನಿಗೆ ಕತ್ತಿ ಹಾಕಬೇಕು. ಮೂಳೆಯ ಪಕ್ಕದಲ್ಲೇ ಎಳೆದು ಹೊಟ್ಟೆಯ ಹತ್ತಿರ ತಿರುಗಿಸಬೇಕು. ಒಂದು ಹೋಳು. ಮಗುಚಿ ಹಾಕಿದರೆ ಇನ್ನೊಂದು. ಆರು ಸೆಕೆಂಡಿಗೆ ಒಂದು ಮೀನು. ಏಳನೆಯ ಸೆಕೆಂಡಿಗೆ ಮುಂದಿನದು ಬಂದು ಕೈಗೆ ಬಡಿಯುತ್ತದೆ. ವರ್ಲೀನ್ ಟಬ್ಸ್ ಇಪ್ಪತ್ತಾರು ವರ್ಷದಿಂದ ಇದನ್ನೇ ಮಾಡುತ್ತಿದ್ದಳು. ಬಲಗೈಯ ಮೂರು ಬೆರಳು ಮಡಚುತ್ತಿರಲಿಲ್ಲ. ಕಾಲಡಿಯಲ್ಲಿ ಐಸಿನ ನೀರು, ಮೂಗಿನ ತುಂಬ ರಕ್ತದ ವಾಸನೆ. ಉಚ್ಚೆಗೆ ಹೋಗಬೇಕಾದರೆ ಕೈ ಎತ್ತಿ ಕೇಳಬೇಕು. ಐವತ್ತೆಂಟು ವರ್ಷದ ಹೆಂಗಸು, ಮಗುವಿನ ಹಾಗೆ ಕೈ ಎತ್ತಿ ಕೇಳಬೇಕು.

ಮೀನು ಕಾರ್ಖಾನೆಯ ಆ ಸಾಲಿನಲ್ಲಿ ನಿಂತವರೆಲ್ಲ ಕಪ್ಪು ಹೆಂಗಸರು. ಮೇಲೆ ಗಾಜಿನ ಕೋಣೆಯಲ್ಲಿ ಕೂತವನು ಬಿಳಿಯ. ಮಿಸಿಸಿಪ್ಪಿ ನದಿಯ ಈ ಡೆಲ್ಟಾದಲ್ಲಿ ಅಜ್ಜಿಯರ ಕಾಲಕ್ಕೆ ಹತ್ತಿ ಇತ್ತು, ಈಗ ಈ ಕ್ಯಾಟ್‌ಫಿಶ್ ಮೀನು ಇದೆ. ಬದಲಾದದ್ದು ಅಷ್ಟೇ.

ಶುಕ್ರವಾರ ವರ್ಲೀನ್ ಆ ಗಾಜಿನ ಕೋಣೆಗೆ ಹೋಗಿ ನಿಂತಳು. ಮಂಗಳವಾರ ರಜೆ ಬೇಕಿತ್ತು. ಸೂಪರ್‌ವೈಸರ್ ತಲೆ ಎತ್ತಲಿಲ್ಲ.

"ಜೈಲಿಗಾ ಮತ್ತೆ?"

"ಅಲ್ಲ ಸಾರ್. ರಾಜಧಾನಿಗೆ. ಶಾಸನಸಭೆಯಲ್ಲಿ ನನ್ನ ಮಗನ ವಿಷಯ..."

"ನಿನ್ನ ರಜೆ ಎಲ್ಲಾ ಜೈಲಿಗೆ ಓಡಾಡಿ ಮುಗ್ಸಿದೀಯ. ಮಂಗಳವಾರ ಬೆಳಿಗ್ಗೆ ಎಂಟಕ್ಕೆ ನೀನು ಇಲ್ಲಿರ್ತೀಯ. ಹೌದಾ?"

"ಹೌದು ಸಾರ್."

ಕೆಳಗಿಳಿದು ಬಂದಳು. ಪಕ್ಕದಲ್ಲಿ ನಿಂತು ಮೀನು ಸೀಳುವ ಅರ್ನೆಸ್ಟೀನ್ ಕತ್ತಿ ನಿಲ್ಲಿಸದೆ ಕೇಳಿದಳು, "ಏನಂದ ಆ ಮುಸುಡಿ?"

"ಎಂಟಕ್ಕೆ ಇಲ್ಲಿರ್ತೀಯ ಅಂದ. ಹೌದು ಸಾರ್ ಅಂದೆ."

"ಮತ್ತೆ? ಹೋಗಲ್ವೇನೇ?"

"ಹೋಗ್ದೆ ಇರ್ತೀನಾ? ಹುಚ್ಚಿ. ಹೌದು ಸಾರ್ ಅನ್ನೋದು ಅವರ ಬಾಯಿ ಮುಚ್ಚಿಸೋಕೆ ಕಣೆ. ಅದು ಮಾತೇ ಅಲ್ಲ."

ಅರ್ನೆಸ್ಟೀನ್ ನಕ್ಕಳು. ಆ ಸಾಲಿನಲ್ಲಿ ಯಾರಿಗೆ ಹೇಳಿದರೂ ನಗುತ್ತಿದ್ದರು. ಅವರಿಗೆಲ್ಲ ಗೊತ್ತಿದ್ದ ಸಂಗತಿ ಅದು. ಬಿಳಿಯನು ಮುಂದೆ ನಿಂತಾಗ ಅವನಿಗೆ ಬೇಕಾದ ಉತ್ತರ ಕೊಡು, ಜೀವ ಉಳಿಸಿಕೊಂಡು ಮನೆಗೆ ಬಾ. ನಿಜ ಏನಿದ್ದರೂ ಆಮೇಲೆ ಅಡುಗೆಮನೆಯಲ್ಲಿ ಮಾತಾಡಿಕೊಂಡರಾಯಿತು. ಅವರ ಅಮ್ಮಂದಿರು ಹಾಗೇ ಬದುಕಿದ್ದರು.

ಈ ವಿದ್ಯೆಯೇ ವರ್ಲೀನಳ ಮಗನ ಕೊರಳಿಗೆ ಬಿತ್ತು. ಕಲಿಸಿದವಳು ಅವಳೇ.

ಲಾಡೆಲ್‌ಗೆ ಆಗ ಐದು ವರ್ಷ. ವರ್ಲೀನಳ ಅಪ್ಪ ರಸ್ತೆಯಲ್ಲಿ ಒಬ್ಬ ಪೊಲೀಸಿನವನಿಗೆ "ಹೂಂ" ಅಂದಿದ್ದ. ಸಾರ್ ಅನ್ನಲಿಲ್ಲ. ಅಷ್ಟಕ್ಕೇ ದವಡೆ ಮುರಿದರು. ಮುದುಕ ಸಾಯುವ ತನಕ ಗಂಜಿ ಕುಡಿದುಕೊಂಡೇ ಇದ್ದ. ಅವನು ಸತ್ತ ವಾರವೇ ವರ್ಲೀನ್ ಅವನ ಟೋಪಿಯನ್ನು ತನ್ನ ತಲೆಗೆ ಇಟ್ಟುಕೊಂಡು, ಮಗನನ್ನು ಅಡುಗೆಮನೆಯ ಗೋಡೆಗೆ ನಿಲ್ಲಿಸಿ ಪಾಠ ಶುರು ಮಾಡಿದಳು.

"ನಾನೀಗ ಪೊಲೀಸು. ಕೈ ಎಲ್ಲಿ?"

"ಕಾಣೋ ಹಾಗೆ ಇಟ್ಟಿದೀನಿ."

ಚಟೀರ್. ಕೈಯಲ್ಲಿ ಬೆತ್ತ ಇತ್ತು.

"ಕಾಣೋ ಹಾಗೆ ಇಟ್ಟಿದೀನಿ ಸಾರ್."

"ಈ ಕಡೆ ನಿನಗೇನೂ ಕೆಲಸ ಇಲ್ಲ, ಹೌದಾ?"

"ಅಜ್ಜಿ ಮನೆಗೆ ಹೋಗ್ತಿದೀನಿ ಸಾರ್."

ಚಟೀರ್. "ಅಜ್ಜಿ ಮನೆ ಕೇಳಿದ್ನಾ ನಾನು? ಈ ಕಡೆ ನಿನಗೇನೂ ಕೆಲಸ ಇಲ್ಲ, ಹೌದಾ?"

"ಹೌದು ಸಾರ್."

"ಹಾಂ. ಹಂಗೆ."

ಒಂದು ದಿನವಲ್ಲ, ಎರಡು ದಿನವಲ್ಲ. ಅವನಿಗೆ ಹನ್ನೆರಡು ಆಗುವ ತನಕ ಪ್ರತಿ ಭಾನುವಾರ ಚರ್ಚಿನಿಂದ ಬಂದ ಮೇಲೆ ಈ ಪಾಠ ಇರುತ್ತಿತ್ತು. ಮಗನ ಕಾಲಿನ ಮೇಲೆ ಬೆತ್ತದ ಗೆರೆ ಏಳುತ್ತಿತ್ತು, ಆಮೇಲೆ ಅವಳೇ ಎಣ್ಣೆ ಸವರುತ್ತಿದ್ದಳು. ಎಣ್ಣೆ ಸವರುತ್ತ ಅಳುತ್ತಿದ್ದಳು. ಬೇರೆಯವರು ಬಂದೂಕಿನಲ್ಲಿ ಕಲಿಸುವುದನ್ನು ನಾನು ಬೆತ್ತದಲ್ಲಿ ಕಲಿಸುತ್ತಿದ್ದೇನೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಳು. ಹುಡುಗ ಚೆನ್ನಾಗಿ ಕಲಿತ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೌದು ಸಾರ್ ಅನ್ನುವಷ್ಟು ಕಲಿತ.

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಒಂದು ಮಧ್ಯಾಹ್ನ ಲಾಡೆಲ್ ತನ್ನ ಗೆಳೆಯ ರಶಾದ್‌ನನ್ನು ಕಾರಿನಲ್ಲಿ ಕೂರಿಸಿಕೊಂಡು ಹೆದ್ದಾರಿ ಪಕ್ಕದ ಅಂಗಡಿಗೆ ಹೋದ. ಬಿಯರು ತರುತ್ತೇನೆ ಎಂದು ರಶಾದ್ ಇಳಿದ. ಸೆಕೆ. ಲಾಡೆಲ್ ಎಂಜಿನ್ ನಿಲ್ಲಿಸಲಿಲ್ಲ, ತಣ್ಣನೆ ಗಾಳಿ ಬರಲಿ ಎಂದು. ರೇಡಿಯೋ ಹಾಕಿಕೊಂಡಿದ್ದ. ಒಳಗೆ ಢಂ ಅಂತ ಸದ್ದಾಯಿತು. ರಶಾದ್ ಓಡಿ ಬಂದು ಕೂತು, "ನಡಿ, ನಡಿ" ಎಂದು ಕಿರುಚಿದ. ಲಾಡೆಲ್ ಕಾರು ಬಿಟ್ಟ.

ಅಂಗಡಿಯ ಮುದುಕ ಡೆಲ್ಮರ್ ಸ್ಟ್ರೌಡ್ ಅಲ್ಲೇ ಸತ್ತುಬಿದ್ದಿದ್ದ. ಗಾಳಕ್ಕೆ ಹುಳು, ತಣ್ಣನೆ ಸೋಡ ಮಾರುವ ಮನುಷ್ಯ. ವರ್ಲೀನ್‌ಗೆ ಅವನು ಗೊತ್ತು. ಅವಳ ಬೆರಳು ನೋಡಿ ಬಾಟಲಿಯ ಮುಚ್ಚಳ ತಾನೇ ತೆಗೆದುಕೊಡುತ್ತಿದ್ದ. ಅವನು ಸತ್ತದ್ದಕ್ಕೆ ಅವಳು ಅತ್ತದ್ದು ಸುಳ್ಳಲ್ಲ.

ಸಂಜೆಯೇ ಇಬ್ಬರನ್ನೂ ಹಿಡಿದರು. ಲಾಡೆಲ್‌ನನ್ನು ಒಂದು ಕೋಣೆಯಲ್ಲಿ ಕೂರಿಸಿ ಟೇಪು ಹಾಕಿ ಮಾತಾಡಿಸಿದರು.

"ನಿನಗೆ ವಕೀಲ ಗಿಕೀಲ ಬೇಡ, ಹೌದಾ?"

"ಹೌದು ಸಾರ್."

"ರಶಾದ್ ಅಂಗಡಿ ದೋಚೋಕೆ ಹೋಗಿದ್ದು ನಿನಗೆ ಗೊತ್ತಿತ್ತು, ಹೌದಾ?"

"ಹೌದು ಸಾರ್."

"ಅವನ ಹತ್ರ ಬಂದೂಕು ಇದ್ದಿದ್ದೂ ಗೊತ್ತಿತ್ತು."

"ಹೌದು ಸಾರ್."

"ಅದಕ್ಕೇ ಎಂಜಿನ್ ಆನ್ ಇಟ್ಟಿದ್ದೆ. ಓಡಿಹೋಗೋಕೆ. ಹೌದೋ ಅಲ್ವೋ?"

"ಹೌದು ಸಾರ್."

ಆ ಟೇಪಿನಲ್ಲಿ ಮಗನ ದನಿ ಅಲುಗುವುದಿಲ್ಲ. ಎಳೆಯ ಹುಡುಗ ಪಾಠ ಒಪ್ಪಿಸುವ ದನಿ ಅದು. ನಲವತ್ತಮೂರು ಸಲ. ವರ್ಲೀನ್ ಎಣಿಸಿದ್ದಾಳೆ.

ಆ ರಾಜ್ಯದ ಕಾನೂನಿನಲ್ಲಿ ಮರಣದಂಡನೆಯ ಕೊಲೆ ಎಂದು ಒಂದು ಕಲಮಿದೆ. ಪೊಲೀಸನನ್ನು ಕೊಂದರೆ ಅದು. ಮಗುವನ್ನು ಕೊಂದರೆ ಅದು. ದರೋಡೆ ನಡೆಯುವಾಗ ಯಾರಾದರೂ ಸತ್ತರೂ ಅದೇ. ದರೋಡೆಗೆ ಗೊತ್ತಿದ್ದೂ ಜೊತೆಯಾದವನು ಗುಂಡು ಹಾರಿಸಬೇಕಾಗಿಲ್ಲ, ಒಳಗೆ ಕಾಲಿಡಬೇಕಾಗಿಲ್ಲ. ಕೊಂದವನಿಗೆ ಏನೋ ಇವನಿಗೂ ಅದೇ. ಗೊತ್ತಿತ್ತಾ ಇಲ್ಲವಾ ಅನ್ನುವುದರ ಮೇಲೆ ಎಲ್ಲಾ ನಿಂತಿತ್ತು. ಗೊತ್ತಿತ್ತು ಎನ್ನುವುದಕ್ಕೆ ಟೇಪು, ತನ್ನ ಜೀವ ಉಳಿಸಿಕೊಳ್ಳಲು ರಶಾದ್ ಹೇಳಿದ ಮಾತು, ಇವೆರಡು ಬಿಟ್ಟರೆ ಬೇರೆ ಸಾಕ್ಷಿ ಇರಲಿಲ್ಲ.

ಗುಂಡು ಹಾರಿಸಿದ ರಶಾದ್ ಬುದ್ಧಿವಂತ. ತಪ್ಪೊಪ್ಪಿಕೊಂಡ, ಗೆಳೆಯನ ಮೇಲೆ ಸಾಕ್ಷಿ ಹೇಳಿದ, ಜೀವಾವಧಿ ತಗೊಂಡ. ನಾನೇನೂ ಮಾಡಿಲ್ಲ, ಹಾಗಾಗಿ ಕೋರ್ಟಿಗೆ ಹೋಗುತ್ತೇನೆ ಎಂದ ಲಾಡೆಲ್‌ಗೆ ಸಾವು. ಕೊಂದವನು ಈಗಲೂ ಜೈಲಿನ ತೋಟದಲ್ಲಿ ಟೊಮೇಟೊ ಬೆಳೆಯುತ್ತಾನೆ. ಕಾರು ಬಿಟ್ಟವನು ಒಂಬತ್ತು ವರ್ಷದಿಂದ ಸಾಯುವ ದಿನ ಕಾಯುತ್ತಿದ್ದಾನೆ. ಇದನ್ನು ನ್ಯಾಯ ಅಂತ ಕರೆಯುವವರ ನಾಲಿಗೆಗೆ ಹುಳ ಬೀಳಲಿ.

ವಿಚಾರಣೆಯಲ್ಲಿ ವರ್ಲೀನಳನ್ನೂ ಕಟಕಟೆಗೆ ಹತ್ತಿಸಿದ್ದರು. ಪಾಠದ ವಿಷಯ ಹೇಳಬೇಕು ಅಂತ ಅವಳು ಒದ್ದಾಡುತ್ತಿದ್ದಳು. ಸರ್ಕಾರಿ ವಕೀಲ ಅದನ್ನು ಕೇಳಲೇ ಇಲ್ಲ.

"ಮಗನನ್ನ ಸುಳ್ಳು ಹೇಳೋಕೆ ಬೆಳೆಸಿಲ್ಲ ತಾನೇ ನೀನು?"

"ಇಲ್ಲ ಸಾರ್."

"ಹಾಗಾದ್ರೆ ಟೇಪಿನಲ್ಲಿ ಅವನು ಹೇಳಿರೋದು ನಿಜ. ಹೌದಾ?"

ಆ ಕೋರ್ಟು, ಆ ಎತ್ತರದ ಕುರ್ಚಿ, ತೀರ್ಪು ಕೊಡಲು ಕೂತ ಹನ್ನೆರಡು ಜನರ ಮುಖ, ಸೂಟಿನ ಆ ಮನುಷ್ಯ. ಬಾಯಿ ತಾನಾಗಿ ತೆರೆಯಿತು.

"ಹೌದು ಸಾರ್."

ಅದು ನಲವತ್ತನಾಲ್ಕನೆಯದು. ಒಂಬತ್ತು ವರ್ಷದಲ್ಲಿ ಆ ಒಂದು ಮಾತನ್ನು ನೆನೆದು ಅವಳು ಎಷ್ಟು ಸಲ ತನ್ನ ಬಾಯಿಗೆ ತಾನೇ ಹೊಡೆದುಕೊಂಡಿದ್ದಾಳೋ ಲೆಕ್ಕವಿಲ್ಲ.

ಏಪ್ರಿಲ್‌ನಲ್ಲಿ ದಿನ ಗೊತ್ತು ಮಾಡಿದರು. ಜೂನ್ ಹನ್ನೆರಡು, ಸಂಜೆ ಆರು ಗಂಟೆ. ಅದೇ ತಿಂಗಳು ಹೊಸ ವಕೀಲೆ ಟೆಸ್ ಒಂದು ಹಾಳೆ ಹಿಡಿದುಕೊಂಡು ಬಂದಳು. ಬಿಳಿ ಹುಡುಗಿ, ಒಳ್ಳೆಯವಳು, ಉಗುರು ಕಚ್ಚುವ ಚಟ. ಸಂಬಳ ಇಲ್ಲದೆ ಈ ಕೇಸಿಗೆ ಬಿದ್ದವಳು.

"ಮಿಸ್ ವರ್ಲೀನ್, ಇದು ಮಸೂದೆ. ಆ ಕಲಮನ್ನ ತಿದ್ದೋಕೆ. ಕೊಲ್ಲದೇ ಇದ್ದವನಿಗೆ, ಕೊಲ್ಲಬೇಕು ಅಂತ ಮನಸ್ಸಿಲ್ಲದವನಿಗೆ ಮರಣದಂಡನೆ ಇಲ್ಲ. ನೋಡಿ, ಕೊನೇ ಸಾಲು. ಈಗಾಗಲೇ ಶಿಕ್ಷೆ ಆಗಿರೋರಿಗೂ ಅನ್ವಯಿಸುತ್ತೆ. ಆ ಒಂದು ಸಾಲು ಉಳಿದ್ರೆ ಲಾಡೆಲ್ ಉಳೀತಾನೆ."

ವರ್ಲೀನ್ ಆ ಸಾಲಿನ ಮೇಲೆ ಬೆರಳಿಟ್ಟಳು. ಮಡಚದ ಬೆರಳು.

"ಸಮಿತಿ ಮಂಗಳವಾರ ಸೇರುತ್ತೆ," ಟೆಸ್ ಹೇಳಿದಳು. "ನೀವು ಎರಡು ನಿಮಿಷ ಮಾತಾಡಬೇಕು. ಅಧ್ಯಕ್ಷರು ಸೆನೆಟರ್ ಗಾರ್ಲಂಡ್ ಪ್ರೂಟ್. ಅವರಿಗೆ ಮರ್ಯಾದೆ ಅಂದ್ರೆ ಪ್ರಾಣ. ಅವರು ಏನ್ ಕೇಳಿದ್ರೂ, ದಯವಿಟ್ಟು, ಹೌದು ಅನ್ನಿ. ಸಿಟ್ಟು ಮಾಡ್ಕೋಬೇಡಿ."

"ನನಗೆ ಹೇಳಿಕೊಡ್ತೀಯಾ ತಾಯಿ ಅದನ್ನ?" ಎಂದಳು ವರ್ಲೀನ್.

ಮಂಗಳವಾರ ಚರ್ಚಿಗೆ ಹಾಕುವ ನೀಲಿ ಟೋಪಿ ಹಾಕಿದಳು. ಕೈಗೆ ಎರಡು ಸಲ ನಿಂಬೆಹಣ್ಣು ಉಜ್ಜಿದಳು. ಮೀನಿನ ವಾಸನೆ ಹೋಗಲಿಲ್ಲ. ಅದು ಚರ್ಮದ ಒಳಗೆ ಸೇರಿಹೋಗಿದೆ. ಅರ್ನೆಸ್ಟೀನ್ ಕೆಲಸಕ್ಕೆ ಹೋಗುವ ಮೊದಲು ಬಂದು ಕಾಗದದಲ್ಲಿ ಕಟ್ಟಿದ ಕೋಳಿ, ಮೆಕ್ಕೆಜೋಳದ ಬ್ರೆಡ್ಡು ಕೊಟ್ಟು, "ಅಳಬೇಡ ಕಣೆ ಅವರ ಮುಂದೆ. ನೋಡಿ ಖುಷಿ ಪಡ್ತಾರೆ" ಎಂದಳು. ಬಸ್ಸಿನಲ್ಲಿ ಮೂರು ಗಂಟೆ.

ಶಾಸನಸಭೆಯ ಮೆಟ್ಟಿಲು ಹತ್ತಿದಾಗ ದೊಡ್ಡ ಬಾಗಿಲಲ್ಲಿ ಕಾವಲಿನವನು ಕೈ ಅಡ್ಡ ಹಿಡಿದ.

"ಕ್ಲೀನಿಂಗಿನವಳಾ ನೀನು?"

ಟೋಪಿ ಇತ್ತು. ಬಿಳಿ ಕಾಲರಿನ ಉಡುಪು ಇತ್ತು. ಕೈಯಲ್ಲಿ ಮಗನ ಫೋಟೊ ಇತ್ತು. ಅವನು ಅದೇನನ್ನೂ ನೋಡಲಿಲ್ಲ.

"ಹೌದು ಸಾರ್."

"ಹಿಂದಿನ ಬಾಗಿಲಿಂದ ಬರ್ಬೇಕು ಅಂತ ಎಷ್ಟು ಸಲ ಹೇಳ್ಬೇಕು ನಿಮಗೆಲ್ಲಾ?"

ಅವಳು ಇಳಿದು, ಕಟ್ಟಡವನ್ನು ಅರ್ಧ ಸುತ್ತಿ, ಕಸದ ಡಬ್ಬಿಗಳ ಪಕ್ಕದ ಬಾಗಿಲಿನಿಂದ ಒಳಗೆ ಬಂದಳು. ಮಾಪು ಹಿಡಿದಿದ್ದ ಒಬ್ಬ ಕಪ್ಪು ಮುದುಕ ಅವಳ ಟೋಪಿ ನೋಡಿ, ಏನೂ ಕೇಳದೆ ಲಿಫ್ಟು ತೋರಿಸಿದ. ಸಿಟ್ಟು ಬರಲಿಲ್ಲ ಅವಳಿಗೆ. ಒಳಗೆ ಬರುವುದು ಮುಖ್ಯ, ಬಂದಳು.

ಸಮಿತಿಯ ಕೋಣೆಯ ಹಿಂದಿನ ಬೆಂಚಿನಲ್ಲಿ ಟೆಸ್ ಜೊತೆ ಕೂತಳು. ಹತ್ತು ಗಂಟೆಗೆ ಅಂದದ್ದು. ಮೊದಲು ಜಿಂಕೆ ಬೇಟೆಯ ದಿನಗಳ ಮಸೂದೆ. ಅದಕ್ಕೆ ಒಂದೂವರೆ ಗಂಟೆ. ಗಂಡು ಜಿಂಕೆಯ ಕೊಂಬು ಎಷ್ಟು ಉದ್ದ ಇದ್ದರೆ ಹೊಡೆಯಬಹುದು ಎಂದು ಏಳು ಜನ ದೊಡ್ಡ ಮನುಷ್ಯರು ಬಿಸಿಬಿಸಿಯಾಗಿ ಜಗಳ ಆಡಿದರು. ಎಳೆಯ ಜಿಂಕೆ ಹೊಡೆಯುವುದು ಅನ್ಯಾಯ ಎಂದ ಒಬ್ಬ. ಹೌದೌದು ಎಂದರು ಉಳಿದವರು. ಆಮೇಲೆ ಊಟ. ಅವಳು ಬೆಂಚಿನಲ್ಲೇ ಕೋಳಿ ಬಿಚ್ಚಿದಳು. ಇಲ್ಲಿ ತಿನ್ನುವ ಹಾಗಿಲ್ಲ ಎಂದರು. ಮತ್ತೆ ಕಟ್ಟಿಟ್ಟಳು.

ಎರಡೂವರೆಗೆ ಹೆಸರು ಕೂಗಿದರು. ಇಬ್ಬರೂ ಹೋಗಿ ಮುಂದಿನ ಮೇಜಿಗೆ ಕೂತರು. ಎದುರಿಗೆ ಸೆನೆಟರ್ ಪ್ರೂಟ್. ಬೆಳ್ಳಿ ಕೂದಲು, ಮೆತ್ತನೆಯ ದನಿ. ಅವನ ಬಲಕ್ಕೆ ಒಬ್ಬ ಹೆಂಗಸು ಸಣ್ಣ ಯಂತ್ರದ ಮೇಲೆ ಬೆರಳಿಟ್ಟುಕೊಂಡು ಎಲ್ಲರ ಮಾತನ್ನೂ ದಾಖಲೆ ಮಾಡುತ್ತಿದ್ದಳು. ಮೇಜಿನ ಮೇಲೆ ಒಂದು ದೀಪ. ಹಸಿರು ಹತ್ತಿದರೆ ಮಾತಾಡಬೇಕು, ಕೆಂಪು ಹತ್ತಿದರೆ ನಿಲ್ಲಿಸಬೇಕು.

ಟೆಸ್ ಬರೆದುಕೊಟ್ಟದ್ದನ್ನು ವರ್ಲೀನ್ ಓದಿದಳು. ಡೆಲ್ಮರ್ ಸ್ಟ್ರೌಡ್ ಒಳ್ಳೆಯ ಮನುಷ್ಯ, ಅವರ ಮನೆಯವರ ದುಃಖ ದೊಡ್ಡದು ಎಂದಳು. ತನ್ನ ಮಗ ಕೊಲ್ಲಲಿಲ್ಲ, ಬಂದೂಕು ಮುಟ್ಟಲಿಲ್ಲ, ಕಾರಿನಿಂದ ಇಳಿಯಲಿಲ್ಲ ಎಂದಳು. ಆ ಕೊನೆಯ ಸಾಲು ಉಳಿಸಿಕೊಡಿ ಎಂದಳು. ಅಳಲಿಲ್ಲ.

ಪ್ರೂಟ್ ಮುಗುಳ್ನಕ್ಕ. "ತುಂಬಾ ಚೆನ್ನಾಗಿ ಹೇಳಿದೆ, ವರ್ಲೀನ್."

ಟೆಸ್ ಅವಳನ್ನು ಮಿಸ್ ವರ್ಲೀನ್ ಅನ್ನುತ್ತಿದ್ದಳು. ಇವನು ಬರೀ ವರ್ಲೀನ್ ಎಂದ. ಅವಳಿಗಿಂತ ಹತ್ತು ವರ್ಷ ಚಿಕ್ಕವನು.

"ಈ ಸಮಿತಿ ಕಲ್ಲಿನ ಮನಸ್ಸಿನದಲ್ಲ," ಅವನು ಮುಂದುವರಿಸಿದ. "ಈ ಮಸೂದೆಯನ್ನ ನಾವು ಪಾಸು ಮಾಡ್ತೀವಿ. ಆದರೆ ಒಂದು ತಿದ್ದುಪಡಿ. ಕೊನೇ ಸಾಲು ತೆಗೀತೀವಿ. ಕೋರ್ಟು ತೀರ್ಮಾನ ಮಾಡಿ ಆಗಿರೋದನ್ನ ಕೆದಕೋಕೆ ಆಗಲ್ಲ. ಜುಲೈ ಒಂದರಿಂದ ಮುಂದಕ್ಕೆ ಇದು ಅನ್ವಯಿಸುತ್ತೆ. ಮುಂದೆ ಬರೋ ಹುಡುಗರಿಗೆ ನಿನ್ನಿಂದ ಒಳ್ಳೇದಾಯ್ತು ಅಂತ ನಿನಗೆ ಹೆಮ್ಮೆ ಇರ್ಬೇಕು."

ವರ್ಲೀನ್ ಲೆಕ್ಕ ಹಾಕಿದಳು. ಜೂನ್ ಹನ್ನೆರಡು. ಜುಲೈ ಒಂದು. ಇಂಥವನನ್ನು ಕೊಲ್ಲುವುದು ತಪ್ಪು ಎಂದು ಇವರಿಗೆ ಗೊತ್ತಾಗಿದೆ. ಗೊತ್ತಾಗಿಯೂ ಕೊಲ್ಲುತ್ತಾರೆ. ಕೊಂದು ಹತ್ತೊಂಬತ್ತು ದಿನ ಬಿಟ್ಟು ನಿಲ್ಲಿಸುತ್ತಾರೆ.

ಪ್ರೂಟ್ ಮೇಜಿನ ಮೇಲೆ ಬಾಗಿದ. ದನಿ ಇನ್ನೂ ಮೆತ್ತಗಾಯಿತು. "ನಿನ್ನ ಮಗನ ವಿಷಯ ಗವರ್ನರ್ ಕೈಲಿದೆ. ಅವರು ನನ್ನ ಹಳೇ ಸ್ನೇಹಿತರು. ನಾನು ಒಂದು ಮಾತು ಹೇಳಬಹುದು. ಹೇಳೋಕೆ ನನಗೆ ಅನುಕೂಲ ಆಗ್ಬೇಕಲ್ಲ? ಆದ್ದರಿಂದ ದಾಖಲೆಗೋಸ್ಕರ ಕೇಳ್ತೀನಿ. ನಿನ್ನ ಮಗ ತಪ್ಪನ್ನ ಅವನೇ ಒಪ್ಕೊಂಡಿದ್ದ. ನ್ಯಾಯವಾಗೇ ವಿಚಾರಣೆ ಆಯ್ತು. ಕಾನೂನು ಅವನಿಗೆ ಮೋಸ ಮಾಡಿಲ್ಲ. ಹೌದಾ, ವರ್ಲೀನ್?"

ಮೇಜಿನ ಕೆಳಗೆ ಟೆಸ್ ಅವಳ ಕಾಲು ಒತ್ತಿದಳು. ಹೌದು ಅನ್ನಿ, ಹೌದು ಅನ್ನಿ ಎಂದು ಒತ್ತಿದಳು.

ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಐವತ್ತೆಂಟು ವರ್ಷದ ಅಭ್ಯಾಸ. ಒಂದು ಮಾತು ಅನ್ನು, ಗವರ್ನರ್ ಫೋನು ಎತ್ತಬಹುದು. ಮಗ ಉಳಿಯಬಹುದು. ಯಾವ ತಾಯಿ ಅನ್ನುವುದಿಲ್ಲ? ಬಾಯಿ ತೆರೆದಳು. ಆಗ ಕಂಡಿತು, ಅವನ ಪಕ್ಕದ ಹೆಂಗಸಿನ ಬೆರಳು ಯಂತ್ರದ ಮೇಲೆ ಕಾಯುತ್ತಿದ್ದವು. ತಾನು ಅನ್ನುವುದೇ ತಡ, ಅದು ಅಚ್ಚಾಗುತ್ತಿತ್ತು. ಕಾನೂನು ಮೋಸ ಮಾಡಿಲ್ಲ, ತಾಯಿಯೇ ಒಪ್ಪಿದ್ದಾಳೆ. ಆ ಟೇಪಿನ ಪಕ್ಕಕ್ಕೆ ಅದೂ ಹೋಗಿ ಕೂರುತ್ತಿತ್ತು. ಗವರ್ನರ್ ಅದನ್ನೇ ಓದಿ, ಹೆತ್ತವಳಿಗೇ ಸಮಾಧಾನ ಇದೆಯಲ್ಲ ಎಂದು ಹಾಳೆ ಮಡಚಿಡುತ್ತಿದ್ದ. ಒಂಬತ್ತು ವರ್ಷದ ಹಿಂದೆಯೂ ಇಷ್ಟೇ ಮೆತ್ತಗೆ ಕೇಳಿದ್ದರು.

"ಇಲ್ಲ," ಎಂದಳು.

ಪ್ರೂಟ್ ಹುಬ್ಬು ಏರಿಸಿದ. "ಏನಂದೆ?"

"ಇಲ್ಲ ಅಂದೆ. ಮೋಸ ಮಾಡಿದೆ."

"ವರ್ಲೀನ್, ನಿನ್ನ ಮಗ ಟೇಪಿನಲ್ಲಿ..."

"ಟೇಪಿನ ಮಾತು ನಾನು ಹೇಳ್ತೀನಿ. ಇವತ್ತು ಬೆಳಿಗ್ಗೆ ನಿಮ್ಮ ದೊಡ್ಡ ಬಾಗಿಲಲ್ಲಿ ಕಾವಲಿನವನು ಕ್ಲೀನಿಂಗಿನವಳಾ ಅಂತ ಕೇಳ್ದ. ನಾನು ಹೌದು ಸಾರ್ ಅಂದೆ. ನಾನು ಕ್ಲೀನಿಂಗಿನವಳಲ್ಲ. ಮೀನು ಸೀಳೋಳು. ಯಾಕೆ ಅಂದೆ? ಅಲ್ಲ ಅಂದಿದ್ರೆ ವಾದ ಮಾಡ್ತೀಯಾ ಅಂತಿದ್ದ. ಒಳಗೇ ಬಿಡ್ತಿರಲಿಲ್ಲ. ಅವನಿಗೆ ಬೇಕಾಗಿದ್ದು ಕೊಟ್ಟೆ, ಕಸದ ಬಾಗಿಲಿಂದ ಬಂದೆ. ಹೋದ ಶುಕ್ರವಾರ ಮಂಗಳವಾರ ಕೆಲಸಕ್ಕೆ ಬರ್ತೀಯ ಹೌದಾ ಅಂದ್ರು. ಹೌದು ಸಾರ್ ಅಂದೆ. ಇಲ್ಲಿದೀನಿ. ನನ್ನ ಮಗನಿಗೂ ಅದನ್ನೇ ಕಲಿಸ್ದೆ. ಬೆತ್ತ ಹಿಡಿದು ಕಲಿಸ್ದೆ. ನಿಮ್ಮಂಥೋರು ಏನ್ ಕೇಳಿದ್ರೂ ಹೌದು ಸಾರ್ ಅನ್ನು, ಬದುಕ್ತೀಯ ಅಂದೆ. ಆ ಕೋಣೇಲಿ ನೀನು ಚಂದ್ರನ ಮೇಲೆ ಹೋಗಿದ್ದೆ ಹೌದಾ ಅಂತ ಕೇಳಿದ್ರೂ ಅವನು ಹೌದು ಸಾರ್ ಅಂತಿದ್ದ."

ಕೆಂಪು ದೀಪ ಹತ್ತಿತು.

"ನಿನ್ನ ಸಮಯ ಮುಗೀತು," ಎಂದ ಪ್ರೂಟ್.

"ನನ್ನ ಮಗಂದು ಮುಗೀತಾ ಇದೆ. ನನ್ನದು ಮುಗಿದಿಲ್ಲ. ನೀವು ನಮ್ಮನ್ನ ಹೊಡೆದು ಹೊಡೆದು ಆ ಮಾತು ಕಲಿಸಿದ್ರಿ. ಈಗ ಅದೇ ಮಾತು ಸಾಕ್ಷಿ ಅಂತೀರಿ. ಅದಕ್ಕೇ ಕೊಲ್ತೀರಿ. ನಾನು ಒಪ್ಪಲ್ಲ." ಅವಳು ಯಂತ್ರದ ಹೆಂಗಸಿನ ಕಡೆ ತಿರುಗಿದಳು. "ಬರ್ಕೊಳಮ್ಮ. ಲಾಡೆಲ್ ಟಬ್ಸ್ ತಾಯಿ ಒಪ್ಪಲಿಲ್ಲ."

ಆ ಹೆಂಗಸು ಅಧ್ಯಕ್ಷನ ಮುಖ ನೋಡಿದಳು. ಅವನು ಬೇಡ ಎಂದು ತಲೆ ಆಡಿಸಿದ. ಅವಳ ಬೆರಳು ಆಡಲಿಲ್ಲ.

ಕೊನೆಯ ಸಾಲು ತೆಗೆದು ಮಸೂದೆಯನ್ನು ಪಾಸು ಮಾಡಿದರು. ಆರು ಕೈ ಎದ್ದವು. ಎರಡು ನಿಮಿಷ ಹಿಡಿಯಿತು. ಜಿಂಕೆಗೆ ಒಂದೂವರೆ ಗಂಟೆ.

ಹೊರಗೆ ಮೆಟ್ಟಿಲ ಮೇಲೆ ಟೆಸ್ ಅಳುತ್ತಿದ್ದಳು. "ಒಂದು ಮಾತು, ಮಿಸ್ ವರ್ಲೀನ್. ಒಂದೇ ಒಂದು ಮಾತು ಅಂದಿದ್ರೆ..."

"ಒಂದು ಮಾತು ಅಂದಿದ್ದೀವಿ ಕಣಮ್ಮ. ನಲವತ್ತನಾಲ್ಕು ಸಲ ಅಂದಿದ್ದೀವಿ."

ಕೋಳಿ ಬಿಚ್ಚಿ, ಆ ದೊಡ್ಡ ಬಾಗಿಲ ಎದುರೇ ಮೆಟ್ಟಿಲ ಮೇಲೆ ಕೂತು ಇಬ್ಬರೂ ತಿಂದರು. ಕಾವಲಿನವನು ಬಂದು ಇಲ್ಲಿ ಕೂರಬಾರದು ಎಂದ. ಅವಳು ತಿನ್ನುತ್ತಲೇ ಇದ್ದಳು.

ಮೇ ತಿಂಗಳಲ್ಲಿ ಗವರ್ನರ್ ಮಸೂದೆಗೆ ಸಹಿ ಹಾಕಿದ. ಪ್ರೂಟ್ ಪಕ್ಕದಲ್ಲಿ ನಿಂತು, ದುಃಖತಪ್ತ ತಾಯಿಯೊಬ್ಬಳ ಮಾತು ನಮ್ಮ ಕಣ್ಣು ತೆರೆಸಿತು ಎಂದು ಪತ್ರಿಕೆಯವರಿಗೆ ಹೇಳಿದ. ಲಾಡೆಲ್‌ನ ಕ್ಷಮಾದಾನದ ಅರ್ಜಿಯನ್ನು ಗವರ್ನರ್ ತಿರಸ್ಕರಿಸಿದ. ಕಾರಣ ಟೇಪು. ವರ್ಲೀನಳನ್ನು ಅಷ್ಟರಲ್ಲೇ ಮೀನಿನ ಸಾಲಿನಿಂದ ತೆಗೆದುಹಾಕಿದ್ದರು. ಮಂಗಳವಾರ ಬರುತ್ತೇನೆಂದು ಹೇಳಿ ಬಾರದ್ದಕ್ಕೆ. ಅರ್ನೆಸ್ಟೀನ್ ಅವಳ ಏಪ್ರನ್ನು, ರಬ್ಬರಿನ ಬೂಟು ತಂದುಕೊಟ್ಟು, "ಆ ಮುಸುಡಿಗೆ ಇವತ್ತು ನಾನೂ ಇಲ್ಲ ಅಂದೆ ಕಣೆ. ಉಚ್ಚೆಗೆ ಹೋಗ್ಬೇಡ ಅಂದ. ಇಲ್ಲ ಹೋಗ್ತೀನಿ ಅಂದೆ. ಹೋದೆ" ಎಂದಳು. ಇಬ್ಬರೂ ಬಹಳ ದಿನದ ಮೇಲೆ ನಕ್ಕರು. ನಗುತ್ತ ನಗುತ್ತ ವರ್ಲೀನ್ ಅಡುಗೆಮನೆಯ ನೆಲಕ್ಕೆ ಕುಸಿದು ಕೂತು ಬಾಯಿ ಬಿಟ್ಟು ಅತ್ತಳು.

ಲಾಡೆಲ್‌ನನ್ನು ಹೇಳಿದ ದಿನ, ಹೇಳಿದ ಹೊತ್ತಿಗೆ ಕೊಂದರು. ಹತ್ತೊಂಬತ್ತು ದಿನ ಕಳೆದು ಕಾನೂನು ಜಾರಿಗೆ ಬಂತು. ಅದರ ಬಗ್ಗೆ ಹೇಳಲು ಇನ್ನೇನೂ ಇಲ್ಲ. ಹೇಳಬೇಕಾದ್ದು ಅವನನ್ನು ಕೊಲ್ಲುವ ಹಿಂದಿನ ದಿನದ ಭೇಟಿ.

ಆ ದಿನ ಗಾಜಿನ ಗೋಡೆ ಇರಲಿಲ್ಲ. ಕೊನೆಯ ಭೇಟಿಗೆ ಒಂದೇ ಮೇಜಿನ ಮುಂದೆ ಕೂರಲು ಬಿಡುತ್ತಾರೆ. ಒಂಬತ್ತು ವರ್ಷದ ಮೇಲೆ ಅವಳು ಮಗನ ಕೈ ಹಿಡಿದಳು. ಇಪ್ಪತ್ತೆಂಟು ವರ್ಷ ಅವನಿಗೆ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು.

"ನಿನ್ನ ಕೈ ಇನ್ನೂ ಮೀನು ವಾಸನೆ, ಅಮ್ಮಾ," ಎಂದು ಅವನು ಮೂಸಿದ. "ಮನೆ ವಾಸನೆ."

"ಮಗನೇ, ನಾನು ನಿನ್ನನ್ನ ಕೊಂದೆ ಕಣೋ," ಎಂದಳು. "ಆ ಬೆತ್ತ ಹಿಡಿದು ನಾನೇ ಕೊಂದೆ."

"ಸುಮ್ನಿರಮ್ಮ. ನೀನು ಕಲಿಸದೇ ಇದ್ದಿದ್ರೆ ಹದಿನೈದಕ್ಕೇ ರಸ್ತೇಲಿ ಹೊಡೆದು ಹಾಕಿರೋರು."

"ನನ್ನ ಮಾತು ಕೇಳು. ಎದ್ದು ನಿಂತ್ಕೋ."

ಅವನು ನಿಂತ. ಕಾಲಿನ ಸರಪಳಿ ಸದ್ದಾಯಿತು. ಅವಳೂ ನಿಂತಳು. ನೀಲಿ ಟೋಪಿಯನ್ನು ಸರಿ ಮಾಡಿಕೊಂಡಳು. ಅಡುಗೆಮನೆಯ ಆ ಹಳೆಯ ದನಿಯಲ್ಲೇ ಕೇಳಿದಳು.

"ನಾನೀಗ ಪೊಲೀಸು. ರಶಾದ್ ಅಂಗಡಿ ದೋಚೋಕೆ ಹೋಗಿದ್ದು ನಿನಗೆ ಗೊತ್ತಿತ್ತು, ಹೌದಾ?"

ಅವನ ತುಟಿ ಹಳೆಯ ದಾರಿಗೇ ಹೋಯಿತು. "ಹೌ..."

"ಯೋಚನೆ ಮಾಡಿ ಹೇಳು. ನಿಂಗೆ ಗೊತ್ತಿತ್ತಾ?"

"ಇಲ್ಲ ಅಮ್ಮಾ."

"ಅಮ್ಮ ಅಲ್ಲ ನಾನು. ಪೊಲೀಸು. ಬಂದೂಕು ನೋಡಿದ್ಯಾ?"

"ಇಲ್ಲ ಸಾರ್."

"ಸಾರ್ ಬೇಡ."

ಅವನ ಕಣ್ಣಿನಿಂದ ನೀರು ಇಳಿಯಿತು. "ಇಲ್ಲ."

"ಓಡಿಹೋಗೋಕೆ ಎಂಜಿನ್ ಆನ್ ಇಟ್ಟಿದ್ದೆ, ಹೌದಾ?"

"ಇಲ್ಲ. ಸೆಕೆ ಇತ್ತು."

"ನೀನು ಸಾಯೋ ಅಂಥದ್ದು ಮಾಡಿದೀಯಾ?"

"ಇಲ್ಲ."

"ಇನ್ನೊಂದು ಸಲ."

"ಇಲ್ಲ."

"ಹಾಂ. ಹಂಗೆ," ಎಂದು ಅವಳು ಅವನನ್ನು ಅಪ್ಪಿಕೊಂಡಳು.

ಆಗ ಬಾಗಿಲು ತೆರೆದು ಜೈಲಿನ ಅಧಿಕಾರಿ ಒಳಗೆ ಬಂದ. ಕೈಯಲ್ಲಿ ಹಲಗೆ, ಅದರ ಮೇಲೆ ಕಾಗದ. ಭೇಟಿ ಮುಗಿಯಿತು ಎಂದ. ಹೋಗುವ ಮೊದಲು ಒಂದು ಕೆಲಸ ಇದೆ ಎಂದು ಸರಸರನೆ ಓದಿದ. ನಾಳೆ ಸಂಜೆ ಆರು ಗಂಟೆಗೆ, ಈ ರಾಜ್ಯದ ಕಾನೂನಿನ ಪ್ರಕಾರ, ಇತ್ಯಾದಿ. ಎಲ್ಲವೂ ನ್ಯಾಯಬದ್ಧವಾಗಿ ನಡೆದಿದೆ ಎಂದು ಕೈದಿ ತಿಳಿದು ಒಪ್ಪಿರುತ್ತಾನೆ.

"ಅರ್ಥ ಆಯ್ತು, ಒಪ್ಪಿಗೆ. ಹೌದಾ?" ಎಂದು ಪೆನ್ನು ಚಾಚಿದ.

"ಇಲ್ಲ," ಎಂದ ಲಾಡೆಲ್.

ಅಧಿಕಾರಿ ತಪ್ಪು ಕೇಳಿಸಿತೇನೋ ಎಂದು ಮತ್ತೆ ಓದಿದ, ಈ ಸಲ ನಿಧಾನವಾಗಿ. "ಹೌದಾ?"

"ಇಲ್ಲ."

"ಏಯ್. ಇಲ್ಲ ಸಾರ್ ಅನ್ನು. ನಿಮ್ಮಮ್ಮ ಅಷ್ಟೂ ಕಲಿಸಿಲ್ವಾ ನಿನಗೆ?"

"ಕಲಿಸಿದ್ದೆ," ಎಂದಳು ವರ್ಲೀನ್. "ಇವತ್ತು ಬಿಡಿಸ್ದೆ."

ಅಧಿಕಾರಿ ಹಲಗೆಯ ಮೇಲೆ ಬಗ್ಗಿ ಏನೋ ಗೀಚಿದ. ಮುಖ ಕೆಂಪಾಗಿತ್ತು.

"ಏನ್ ಬರ್ದೆ? ಜೋರಾಗಿ ಓದು," ಎಂದಳು ಅವಳು.

ಅವನು ಅವಳನ್ನು ನೋಡಿದ. ಮಗನನ್ನು ನೋಡಿದ. ಯಾಕೆ ಓದಿದನೋ ಅವನಿಗೇ ಗೊತ್ತಿಲ್ಲ, ಓದಿದ.

"ಕೈದಿ ಒಪ್ಪಲಿಲ್ಲ."